ಇವತ್ತು ನಿನಗೇನು ಬರಲ್ಲ?

ಸ್ಪೆನ್ಸರ್ ಕೊಲ್ಲಿಯ ದಡದ ನಮ್ಮ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಸೇರಿದ ಮೊದಲ ದಿನ, ಡಾಕ್ಟರ್ ಲೋರ್ನಾ ಟ್ರೆಗೆನ್ಜಾಳನ್ನು ನೌಕರರನ್ನು ಮನೆಗೆ ಕಳಿಸಲೆಂದೇ ಬಂದ ಅಧಿಕಾರಿ ಎಂದುಕೊಂಡಿದ್ದೆ. ಪಾಳಿಗೆ ಬಂದ ಪ್ರತಿ ತರಬೇತಿ ವೈದ್ಯರನ್ನೂ ಬಾಗಿಲಲ್ಲೇ ತಡೆದು, "ಇವತ್ತು ನಿನಗೇನು ಬರಲ್ಲ?" ಎನ್ನುತ್ತಿದ್ದಳು. ಅವರು ತಲೆ ತಗ್ಗಿಸಿ ಏನೋ ಒಪ್ಪಿಕೊಂಡು ಒಳಗೆ ಹೋಗುತ್ತಿದ್ದರು. ಸಂಜೆಯಾದರೂ ಯಾರ ಕೆಲಸವೂ ಹೋಗದಿದ್ದಾಗ ನನಗೆ ಸ್ವಲ್ಪ ನಿರಾಸೆಯೇ ಆಯಿತು. ಅದು ಅವಳ ಪಾಠದ ಕ್ರಮವೆಂದು ಆಮೇಲೆ ತಿಳಿಯಿತು: ಬಾರದ ಕೆಲಸವೊಂದನ್ನು ಹೇಳಬೇಕು, ಪಾಳಿ ಮುಗಿಯುವುದರೊಳಗೆ ಕಲಿತು ಅವಳೆದುರು ಮಾಡಿ ತೋರಿಸಬೇಕು.

ಅಡಿಲೇಡ್ ನಗರದಿಂದ ಬಂದ ತರಬೇತಿ ವೈದ್ಯ ಹೇಮಿಷ್ ನೋಸ್ಕೆಗೆ ಈ ಕ್ರಮ ಹಿಡಿಸಲಿಲ್ಲ. ಸ್ಟೆತಸ್ಕೋಪನ್ನು ಸನ್ಮಾನದ ಹಾರದಂತೆ ಧರಿಸುವವನು ಅವನು. ಅವನ ಕೊನೆಯ ಪಾಳಿಯ ದಿನ ನಡೆದದ್ದಿದು. ಅವನ ತರಬೇತಿ ಪತ್ರಕ್ಕೆ ಲೋರ್ನಾ ಸಹಿ ಹಾಕದಿದ್ದರೆ ಮುಂದಿನ ತರಬೇತಿಯ ಜಾಗ ಕೈತಪ್ಪುತ್ತಿತ್ತು.

"ಏನು ಬರಲ್ಲ?" ಎಂದಳು.

"ನಾಯಕತ್ವದಲ್ಲಿ ಇನ್ನಷ್ಟು ಬೆಳೀಬೇಕು ಅಂತ, ಲೋರ್ನಾ."

"ಬಂದಾಗಿಂದ ಬೆಳೀತಾನೇ ಇದ್ದೀಯ. ಕೈಯಲ್ಲಿ ಮಾಡೋ ಕೆಲಸ ಹೇಳು."

"ನಿಜ ಹೇಳ್ಬೇಕಂದ್ರೆ, ಸಣ್ಣಪುಟ್ಟದ್ದೆಲ್ಲ ಬರುತ್ತೆ."

"ಹಾಗಿದ್ರೆ ನನ್ನ ಸಹಿ ಯಾಕೆ? ನೀನೇ ಹಾಕ್ಕೋ."

ಅಷ್ಟರಲ್ಲಿ ದೋಣಿ ಇಳಿಸುವಾಗ ಜಾರಿ ಬಿದ್ದ ಮೀನುಗಾರ ಮೆರ್ವ್ ಆಡಿ ಬಂದ. ಮಣಿಕಟ್ಟು ಮುರಿದದ್ದು ಎಕ್ಸ್‌ರೇಯಲ್ಲಿ ಕಂಡಿತು. ಪ್ಲಾಸ್ಟರ್ ಹಾಕಲು ಲೋರ್ನಾ ಹೇಮಿಷನಿಗೇ ಹೇಳಿ, ಕೈಕಟ್ಟಿ ಪಕ್ಕದಲ್ಲಿ ನಿಂತಳು. ಚಹಾ ಕೋಣೆಯಲ್ಲಿ ಅವಳ ಊಟದ ಪಾಸ್ಟಿ, ಅಂದರೆ ಮಾಂಸದ ಕಡುಬು, ತಣ್ಣಗಾಗುತ್ತಿತ್ತು; ಆ ಸಿಟ್ಟೂ ಇವನ ತಲೆಗೇ ಬಂತು. ಪ್ಲಾಸ್ಟರಿನ ಒದ್ದೆ ಪಟ್ಟಿ ಮಡಚಿತು, ಜಾರಿತು, ಕೆಳಗೆ ಬಿತ್ತು.

"ಮಾರಾಯ, ಮುರಿದಿರೋದು ನನ್ನ ಕೈ," ಎಂದ ಮೆರ್ವ್. "ನಿನ್ನ ಬೂಟಿಗ್ಯಾಕೆ ಪ್ಲಾಸ್ಟರ್?"

"ಬರಲ್ಲ ಅನ್ನು," ಎಂದಳು ಲೋರ್ನಾ.

"ಅಂದ್ರೆ, ಇದು ಬೇರೆ ಕಂಪನಿ ಪ್ಲಾಸ್ಟರ್..."

"ಈ ಮುದುಕನ ಕೈ ಸೊಟ್ಟಗೆ ಕೂಡಿಕೊಂಡ್ರೆ ಕಂಪನಿಯವ್ರು ಬಂದು ಬಲೆ ಎಳೀತಾರಾ?"

"ಮುದುಕ ಯಾರು?" ಎಂದು ಮೆರ್ವ್ ಗದರಿದ.

"ಬರಲ್ಲ," ಎಂದ ಹೇಮಿಷ್, ಬೂಟಿಗೆ ಹೇಳಿದಂತೆ.

ಲೋರ್ನಾ ಹೊಸ ಪಟ್ಟಿ ತೆಗೆದು, ಮೊದಲು ಅವನ ತೋಳಿನ ಮೇಲೇ ಹಾಕಿ ತೋರಿಸಿದಳು, ರೋಮ ಕಿತ್ತುಬರುವಂತೆ ಬಿಚ್ಚಿದಳು. ಆಮೇಲೆ ಅವನು ಮೆರ್ವ್‌ನ ಕೈಗೆ ಹಾಕಿದ. "ಬೆರಳಲ್ಲಿ ಒತ್ತಬೇಡ, ಅಂಗೈಯಲ್ಲಿ ಸವರು! ಹಿಟ್ಟು ನಾದ್ತಿದ್ದೀಯಾ?" ಎಂಬ ಬೈಗುಳದ ನಡುವೆಯೇ ಪ್ಲಾಸ್ಟರ್ ನೆಟ್ಟಗೆ ಕೂತಿತು. ಮೆರ್ವ್ ಬೆರಳಾಡಿಸಿ ನೋಡಿ, ಥ್ಯಾಂಕ್ಸ್ ಹೇಳದೆ ಹೋದ.

ಪಾಳಿ ಮುಗಿದಾಗ ಲೋರ್ನಾ ಅವನ ಮುಖವನ್ನೂ ನೋಡದೆ ಪೆನ್ನು ತೆಗೆದು ಸಹಿ ಹಾಕಿ, ‘ಕಲಿತದ್ದು’ ಎಂಬ ಸಾಲು ತುಂಬಲು ಪತ್ರವನ್ನು ಅವನತ್ತ ತಳ್ಳಿದಳು. ಹೇಮಿಷನ ಕತ್ತು ಮತ್ತೆ ನೆಟ್ಟಗಾಯಿತು.

"ಲೋರ್ನಾ, ರೋಗಿ ಬೈತಿದ್ದ, ನೀವೂ ಬೈತಿದ್ರಿ, ಆದ್ರೂ ಎಲ್ಲಾ ನಿಭಾಯಿಸಿದೆ. ಇದನ್ನ ನಾಯಕತ್ವ ಅಂತ ಹಾಕಬಹುದಲ್ವಾ?"

"ಪ್ಲಾಸ್ಟರ್ ಅಂತ ಹಾಕು. ಹೋಗಿ ಬೂಟು ತೊಳಿ."