ಮೇಲಿನ ಒಂದು ಸಾಲು

"ಅಮ್ಮೀ, ದಸ್ತಗೀರ್ ಚಾಚಾ ಅವರ ಮಗನ್ನ ಸರಿಯಾಗಿ ಹುಡುಕಿಲ್ವಾ? ಮಂಚದ ಕೆಳಗೆ ನೋಡಿದ್ರಾ?"

ಗುಡ್ಡೋಗೆ ನಾಲ್ಕೂವರೆ ವರ್ಷ. ಅವಳದು ಏನೇ ಕಳೆದರೂ ಮಂಚದ ಕೆಳಗೇ ಸಿಗುತ್ತದೆ: ಚಪ್ಪಲಿ, ಬಾಚಣಿಗೆ, ಒಮ್ಮೆ ಅರ್ಧ ತಿಂದ ಪರಾಠಾ. ನಾನು ಅವಳ ತಲೆಗೆ ಸಾಸಿವೆ ಎಣ್ಣೆ ಹಚ್ಚುತ್ತ, "ಎಲ್ಲಾ ಕಡೆ ನೋಡಿದ್ದಾರೆ, ಸಿಕ್ಕಿಲ್ಲ" ಎಂದೆ.

"ಹಾಗಾದ್ರೆ ಯಾರೋ ಎತ್ತಿಟ್ಟಿದ್ದಾರೆ."

ಮಗು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಾಯಿಗೆ ಬೆರಳಿಟ್ಟು, ಇದನ್ನು ಕೆಳಗಿನ ಮನೆಯಲ್ಲಿ ಹೇಳಬೇಡ ಎಂದೆ.

ದಸ್ತಗೀರ್ ಚಾಚಾ ನಮ್ಮ ಕೆಳಗಿನ ಮನೆಯವರು. ಕೋರ್ಟು ಕಚೇರಿಯ ಅಂಗಳದ ಶೀಶಂ ಮರದಡಿ ಮೂವತ್ತಮೂರು ವರ್ಷದಿಂದ ಟೈಪ್‌ರೈಟರ್ ಇಟ್ಟುಕೊಂಡು ಕೂತವರು. ಅಲ್ಲಿಯವರಿಗೆಲ್ಲ ಅವರು ಮುನ್ಶೀಜಿ, ಅಂದರೆ ಅರ್ಜಿ ಬರೆದುಕೊಡುವವರು. ಇಂಗ್ಲಿಷಿನಲ್ಲಿ ಒಂದು ಲೋಟ ನೀರು ಕೇಳಲು ಅವರಿಗೆ ಬಾರದು. ಆದರೆ ವಕೀಲರು ಗೀಚಿ ಕೊಟ್ಟ ಇಂಗ್ಲಿಷ್ ಅರ್ಜಿಯನ್ನು ಒಂದಕ್ಷರ ತಪ್ಪದೆ ಹೊಡೆದುಕೊಡುತ್ತಾರೆ. ನಾನು ಮದುವೆಗೆ ಮುಂಚೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು. "ಅರ್ಥ ಗೊತ್ತಿಲ್ದೆ ಅದು ಹೇಗೆ ಚಾಚಾ?" ಎಂದು ಒಮ್ಮೆ ಕೇಳಿದ್ದೆ.

"ಅರ್ಥ ಇಟ್ಕೊಳ್ಳೋದು ವಕೀಲರ ಕೆಲಸ ಮಗಳೇ. ನನ್ನ ಹತ್ರ ಇರೋದು ದಾರಿ ಮಾತ್ರ. ಮನೆಗೆ ಹೋಗೋ ಕತ್ತೆ ಗಲ್ಲಿ ಹೆಸರು ಓದುತ್ತಾ?"

ಹೈಕೋರ್ಟಿನ ಅರ್ಜಿಗಳ ನೆತ್ತಿಯಲ್ಲಿ ಒಂದು ಸಾಲು ಇರುತ್ತದೆ, ಸಂವಿಧಾನದ ನೂರ ತೊಂಬತ್ತೊಂಬತ್ತನೇ ವಿಧಿಯ ಅಡಿಯಲ್ಲಿ ಎಂದು. ಆ ಸಾಲನ್ನು ಅವರು ಕಾಗದದ ಕಡೆ ನೋಡದೆ, ಪಕ್ಕದವರೊಡನೆ ಹರಟುತ್ತ, ಚಹಾಕ್ಕೆ ಕೂಗುತ್ತ ಹೊಡೆಯುತ್ತಿದ್ದರು. ಅವರ ಬೆರಳುಗಳಿಗೆ ಅದೆಲ್ಲ ಸೇರಿ ಒಂದೇ ಒಂದು ಉದ್ದನೆಯ ಪದ.

ನವೆಂಬರ್ ಮೂರರ ಶನಿವಾರ ಟಿ.ವಿ. ಚಾನೆಲ್ಲುಗಳು ಒಂದೊಂದಾಗಿ ಕಪ್ಪಾದವು. ದೇಶವನ್ನಾಳುತ್ತಿದ್ದ ಜನರಲ್ ಸಾಹೇಬರು ಸಂವಿಧಾನವನ್ನು ಬದಿಗಿಟ್ಟು ತಮ್ಮದೇ ಒಂದು ತಾತ್ಕಾಲಿಕ ಆದೇಶ ಹೊರಡಿಸಿದ್ದರು. ನ್ಯಾಯಾಧೀಶರು ಅದರ ಮೇಲೆ ಹೊಸದಾಗಿ ಪ್ರಮಾಣ ಮಾಡಬೇಕಿತ್ತು. ಮಾಡಿದವರು ಕುರ್ಚಿಯಲ್ಲಿ ಉಳಿದರು, ಒಲ್ಲೆ ಎಂದವರನ್ನು ಮನೆಯೊಳಗಿಟ್ಟು ಗೇಟಿಗೆ ಪೊಲೀಸರನ್ನು ನಿಲ್ಲಿಸಿದರು. ಲಾಹೋರಿನಲ್ಲಿ ಕರಿಕೋಟಿನವರ ತಲೆ ಒಡೆದ ಸುದ್ದಿ ಬಂತು. ನಮ್ಮ ಊರಿನ ವಕೀಲರು ಸೇರಿ, ಹೊಸ ಪ್ರಮಾಣ ಮಾಡಿದ ನ್ಯಾಯಾಧೀಶರ ಮುಂದೆ ಯಾರೂ ನಿಲ್ಲಬಾರದೆಂದು ಠರಾವು ಮಾಡಿದರು. ಅದನ್ನು ಹೊಡೆದುಕೊಟ್ಟವರು ದಸ್ತಗೀರ್ ಚಾಚಾ. ಇನ್ನೂರು ಪ್ರತಿ ತೆಗೆದವನು ಅವರ ಒಬ್ಬನೇ ಮಗ ಶಹರ್ಯಾರ್. ಅಪ್ಪನ ಮೇಜಿನ ಪಕ್ಕದಲ್ಲೇ ಅವನ ಫೋಟೋಕಾಪಿ ಗೂಡಂಗಡಿ.

ಹದಿಮೂರರ ಮಂಗಳವಾರ, ಬೆಳಿಗ್ಗೆ ಹನ್ನೊಂದರ ಬಿಸಿಲಿನಲ್ಲಿ, ನಂಬರಿಲ್ಲದ ಬಿಳಿ ಕಾರೊಂದು ಬಂತು. ಇಳಿದವರು ಖಾಕಿಯವರಲ್ಲ, ಸಾದಾ ಸಲ್ವಾರ್ ಕಮೀಜಿನ ಗಂಡಸರು. ಚಾಚಾ ಆಗ ಶಾಯಿ ರಿಬ್ಬನ್ ತರಲು ಹೋಗಿದ್ದರು. ಮರಳಿ ಬಂದಾಗ ಮಗನಿರಲಿಲ್ಲ. ಯಂತ್ರ ಮಾತ್ರ ಒಂದೇ ಹಾಳೆಯ ಪ್ರತಿಗಳನ್ನು ಉಗುಳುತ್ತಲೇ ಇತ್ತಂತೆ. ನಿಲ್ಲಿಸಲು ಯಾರಿಗೂ ಕೈ ಬಂದಿರಲಿಲ್ಲ.

ಠಾಣೆಯಲ್ಲಿ ಠಾಣೆದಾರ ನಕ್ಕ. "ನಮ್ಮ ಹತ್ರ ಇಲ್ಲ ಬಾಬಾಜಿ. ಹುಡುಗಿ ಗಿಡುಗಿ ಇದಾಳಾ ವಿಚಾರಿಸಿದ್ರಾ? ಈ ವಯಸ್ಸಲ್ಲಿ ಓಡಿಹೋಗ್ತಾರೆ."

"ಕಾರಲ್ಲಿ ಕೂರಿಸ್ಕೊಂಡು ಹೋದ್ರು ಸಾಹೇಬ್ರೆ."

"ಹಂಗಾದ್ರೆ ಕಾರು ಇರೋ ಹುಡುಗೀನೇ. ಖುಷಿ ಪಡಿ."

ಇಂಥ ಹೊತ್ತಿಗೆ ಉಳಿದಿರುವುದು ಹೈಕೋರ್ಟು. ನನ್ನ ಮಗನನ್ನು ಹಿಡಿದಿಟ್ಟವರು ಅವನನ್ನು ನಿಮ್ಮ ಮುಂದೆ ತಂದು ನಿಲ್ಲಿಸಲಿ ಎಂದು ಕೇಳುವ ಅರ್ಜಿ. ಅಂಥವನ್ನು ಚಾಚಾ ಎಷ್ಟೋ ತಂದೆಯರಿಗೆ ಹೊಡೆದುಕೊಟ್ಟಿದ್ದರು. ವಕೀಲ ಖಿಜರ್ ಸಾಹೇಬರ ಮನೆಗೆ ಹೋದರು. ಲಾಠಿ ಏಟು ಬಿದ್ದ ಅವರ ಹಣೆಗೆ ಪಟ್ಟಿ ಕಟ್ಟಿತ್ತು. ಚಾಚಾ ಬಾಯಿ ತೆರೆಯುವ ಮೊದಲೇ ಅವರು ಅತ್ತುಬಿಟ್ಟರಂತೆ.

"ಯಾವ ಮುಖ ಇಟ್ಕೊಂಡು ಆ ನ್ಯಾಯಾಧೀಶನ ಮುಂದೆ ನಿಲ್ಲಲಿ ಮುನ್ಶೀಜಿ? ನಾನು ನಿಂತ್ರೆ ನಾಳೆ ಹತ್ತು ಜನ ನಿಲ್ತಾರೆ. ಠರಾವು ನೀವೇ ಹೊಡೆದ್ರಲ್ಲ."

"ನಾನೇ ಹೊಡೆದೆ ಸಾಹೇಬ್ರೆ" ಎಂದು ಚಾಚಾ ಚಹಾ ಕುಡಿಯದೆ ಎದ್ದು ಬಂದರು. ನನ್ನ ಹತ್ತಿರ ಹೇಳುವಾಗಲೂ ಅವರಿಗೆ ಕೋಪವಿರಲಿಲ್ಲ. "ಅವರು ಹೇಳಿದ್ದು ಸರಿ ಮಗಳೇ. ಸರಿ ಹೇಳಿದವರ ಜೊತೆ ಜಗಳ ಆಡೋದು ಹೇಗೆ?"

ತಂದೆಯಾದವನು ವಕೀಲನಿಲ್ಲದೆಯೂ ಅರ್ಜಿ ಹಾಕಬಹುದು. ಬುಧವಾರ ಚಾಚಾ ಹಳೆಯ ಅರ್ಜಿಯೊಂದರ ಮಾದರಿ ಇಟ್ಟುಕೊಂಡು ಮೂರು ಪ್ರತಿ ಹೊಡೆದು, ಶೆರ್ವಾನಿ ಹಾಕಿಕೊಂಡು ಹೋಗಿ ಹೈಕೋರ್ಟಿನ ಕಿಟಕಿಯೊಳಗೆ ಕೊಟ್ಟರು. ಗುಮಾಸ್ತ ನೆತ್ತಿಯ ಸಾಲಿಗೆ ಬೆರಳಿಟ್ಟು ವಾಪಸು ತಳ್ಳಿದ. "ಬಾಬಾಜಿ, ಇದು ಈಗ ಇಲ್ಲ. ಜನರಲ್ ಸಾಹೇಬ್ರ ಆದೇಶದ ಅಡಿಯಲ್ಲಿ ಅಂತ ಹಾಕ್ಕೊಂಡು ಬನ್ನಿ. ತಿದ್ದಿದ್ದು ನಡೆಯಲ್ಲ, ಹೊಸದಾಗಿ ಹೊಡೀಬೇಕು."

ಹೊಸದಾಗಿ ಹೊಡೆದರು. ಕಿಟಕಿಗೆ ಬಂದು ನೋಡಿದರೆ ಮೇಲೆ ಅದೇ ಸಾಲು! ಮಗನ ಎತ್ತರ, ಅವನ ಅಂಗಿಯ ಬಣ್ಣ, ಎಡಗೈಯ ಸುಟ್ಟ ಕಲೆ, ಇವನ್ನೆಲ್ಲ ನೆನೆಯುತ್ತ ಕಾಗದ ಸಿಕ್ಕಿಸಿದ್ದರು. ಬೆರಳು ಹಳೆಯ ದಾರಿ ಹಿಡಿದಿತ್ತು.

"ಹಠ ಮಾಡ್ತಿದೀಯಾ ಮುನ್ಶೀ?" ಗುಮಾಸ್ತನಿಗೆ ಈಗ ಬಹುವಚನ ಬೇಕಿರಲಿಲ್ಲ.

"ಹಠ ಅಲ್ಲ ಸ್ವಾಮಿ. ಅಭ್ಯಾಸ."

ಸಾಲಿನಲ್ಲಿ ನಿಂತವರಾರೋ ಇದನ್ನು ಕೇಳಿಸಿಕೊಂಡರು. ಚಾಚಾ ಮೆಟ್ಟಿಲಿಳಿದು ವಕೀಲರ ಧರಣಿಯ ಮುಂದೆ ಬರುವಷ್ಟರಲ್ಲಿ ಸುದ್ದಿ ತಲುಪಿತ್ತು. ಮಗ ಹೋದರೂ ಸಂವಿಧಾನ ಬಿಡದ ಮುನ್ಶಿ! ಕರಿಕೋಟಿನವರು ಅವರನ್ನು ಹೆಗಲ ಮೇಲೆ ಎತ್ತಿಕೊಂಡರು, ಕೊರಳಿಗೆ ಹಾರ ಹಾಕಿದರು, ಬುಟ್ಟಿಗಟ್ಟಲೆ ಗುಲಾಬಿ ಎಸಳು ಎರಚಿದರು. "ನನ್ನ ಇಳಿಸಿ, ತಪ್ಪಾಗಿದೆ, ನನಗೆ ಹೊಡೆಯೋಕೆ ಕೂರಬೇಕು" ಎಂದು ಅವರು ಕೂಗಿಕೊಂಡದ್ದು ಘೋಷಣೆಗಳ ನಡುವೆ ಯಾರಿಗೂ ಕೇಳಲಿಲ್ಲ. ಇಳಿಸುವಷ್ಟರಲ್ಲಿ ಕಿಟಕಿ ಮುಚ್ಚಿತ್ತು.

ಮನೆಗೆ ಬಂದಾಗ ಕಿವಿಯ ಹಿಂದೆ, ಶೆರ್ವಾನಿಯ ಮಡಿಕೆಯಲ್ಲಿ ಎಸಳುಗಳು. ಅವರ ಹೆಂಡತಿ ಹಾಜ್ರಾ ಚಾಚಿ ಒಂದೊಂದೇ ಹೆಕ್ಕಿ ತೆಗೆದರು. ಕೆಳಗಿನಿಂದ ಅವರ ದನಿ ನನಗೆ ಕೇಳುತ್ತಿತ್ತು.

"ಮದುಮಗನ ಹಾಗೆ ಬಂದಿದೀರಿ. ನನ್ನ ಮಗ ಎಲ್ಲಿ?"

"ಬೆರಳು ತಪ್ಪಿತು ಹಾಜ್ರಾ."

"ಊರೋರ ಮಕ್ಕಳಿಗೆ ಹೊಡೆಯೋವಾಗ ತಪ್ಪದ ಬೆರಳು ನನ್ನ ಮಗನಿಗೇ ತಪ್ಪಬೇಕಾ? ಕತ್ತರಿಸಿ ಬಿಸಾಕಿ ಆ ಬೆರಳುಗಳನ್ನ."

ರಾತ್ರಿ ನಾನು ಎರಡು ರೊಟ್ಟಿ, ಪಾಲಕ್ ಸೊಪ್ಪಿನ ಸಾಗ್ ಇಳಿಸಿ ಬಂದೆ. ಮರುದಿನ ತಟ್ಟೆ ಹಾಗೇ ಮುಚ್ಚಿತ್ತು.

ಗುರುವಾರ ಹಾಲಿನವನು ಕ್ಯಾನು ಇಳಿಸುತ್ತ ಚಾಚಿಯ ಹತ್ತಿರ ಪಿಸುಗುಟ್ಟಿದ. ಅವನ ಭಾವಮೈದ ಯಾವುದೋ ಬಂಗಲೆಯಲ್ಲಿ ಅಡುಗೆಯವನು. ಎಡಗೈಯಲ್ಲಿ ಸುಟ್ಟ ಕಲೆಯಿರುವ ಹುಡುಗನೊಬ್ಬ ಅಲ್ಲಿದ್ದಾನೆ, ಬದುಕಿದ್ದಾನೆ. ಶನಿವಾರ ಸಂಜೆ ಎಲ್ಲರನ್ನೂ ಬೇರೆ ಕಡೆ ಸಾಗಿಸುತ್ತಾರೆ. ಎಲ್ಲಿಗೆ ಎಂದು ಅಡುಗೆಯವನಿಗೆ ತಿಳಿಯದು. ಆಮೇಲೆ ಎಲ್ಲಿ ಹುಡುಕುವುದೆಂದು ಯಾರಿಗೂ ತಿಳಿಯದು.

ಧರಣಿಯ ಗಲಾಟೆಗೆ ಅರ್ಜಿಯ ಕಿಟಕಿಯನ್ನು ಶನಿವಾರದವರೆಗೆ ಮುಚ್ಚಿದ್ದರು. ಅಂದರೆ ಶನಿವಾರ ಬೆಳಿಗ್ಗೆ ಕಿಟಕಿ ತೆರೆದ ಕೂಡಲೇ ಅರ್ಜಿ ಒಳಗೆ ಹೋಗಬೇಕು.

ಗುಡ್ಡೋಳ ಅಪ್ಪ ವಿದ್ಯುತ್ ಕಚೇರಿಯಲ್ಲಿ ಸರ್ಕಾರಿ ನೌಕರ. "ಊಟ ಕೊಡು, ಸಮಾಧಾನ ಹೇಳು. ಕಾಗದದ ತಂಟೆಗೆ ಮಾತ್ರ ಹೋಗಬೇಡ. ನಮಗೂ ಮಗು ಇದೆ" ಎಂದರು. ನಾನು ಹೂಂ ಎಂದೆ. ಮಗು ಇದೆ ಎನ್ನುವುದಕ್ಕೆ ಏನೆಂದು ಎದುರಾಡುವುದು? ಕೆಳಗಿನ ಮನೆಯವರೂ ಅದನ್ನೇ ಹೇಳುತ್ತಿದ್ದರಲ್ಲ.

ಶುಕ್ರವಾರ ಮಧ್ಯಾಹ್ನ ನಮಾಜು ಮುಗಿದ ಮೇಲೆ ಮೆಟ್ಟಿಲಲ್ಲಿ ಭಾರವಾದ ಹೆಜ್ಜೆ ಕೇಳಿತು. ಚಾಚಾ ಟೈಪ್‌ರೈಟರನ್ನು ಎದೆಗವಚಿಕೊಂಡು ಮೇಲೆ ಬರುತ್ತಿದ್ದರು. ಮೂರು ದಿನದ ಗಡ್ಡ. ಯಂತ್ರವನ್ನು ನಾವು ಕೂರುವ ಮರದ ತಖ್ತದ ಮೇಲಿಟ್ಟು ಅದರ ಪಕ್ಕದಲ್ಲೇ ಕುಸಿದರು. ಕಾರ್ಬನ್ ಸೇರಿಸಿ ಹಾಳೆಗಳು ಆಗಲೇ ಸಿಕ್ಕಿಸಿದ್ದವು. ಅರ್ಜಿ ಪೂರ್ತಿಯಾಗಿತ್ತು. ನೆತ್ತಿಯಲ್ಲಿ ಮಾತ್ರ ಒಂದು ಸಾಲಿನಷ್ಟು ಖಾಲಿ ಜಾಗ.

"ಚಾಚಾ, ಇಷ್ಟು ಹೊಡೆದವರು ಅದೊಂದನ್ನ ಯಾಕೆ ಬಿಟ್ರಿ?"

ಅವರು ಬೆರಳುಗಳನ್ನು ಮಡಿಚಿ ತೊಡೆಯ ಕೆಳಗಿಟ್ಟುಕೊಂಡರು.

"ಮೊದಲ ಎರಡು ಸಲ ತಪ್ಪಿದ್ದು ನಿಜ ಮಗಳೇ, ಅಲ್ಲಾಹನಾಣೆ. ಇವತ್ತು ತಪ್ಪಬಾರದು ಅಂತ ಕಣ್ಣಿಟ್ಟು ಕೂತೆ. ಒಂದೊಂದೇ ಅಕ್ಷರ ನೋಡಿ ಹೊಡೀಬೇಕು ಅಂತ. ಖಿಜರ್ ಸಾಹೇಬ್ರು ಆ ಆದೇಶದ ಹೆಸರು ಚೀಟಿಲಿ ಬರೆದುಕೊಟ್ರು. ಅವರೇ. ಆದ್ರೆ ನೋಡ್ತಾ ನೋಡ್ತಾ..." ಯಂತ್ರದ ಕಡೆ ತಿರುಗಿದರು. "ಆ ಠರಾವು ಹೊಡೆದವನು ನಾನು. ಅದರ ಪ್ರತಿ ತೆಗೆದಿದ್ದಕ್ಕೇ ಅವನನ್ನ ಒಯ್ದರು. ಈಗ ಆ ಆದೇಶವನ್ನೇ ನೆತ್ತಿ ಮೇಲಿಟ್ಟು ಅವನನ್ನ ಕೇಳಬೇಕು. ಬೆಳಿಗ್ಗೆಯಿಂದ ಮೂರು ಸಲ ಕೈ ಎತ್ತಿದೆ. ಇಳಿಯಲಿಲ್ಲ."

"ಆ ಸಾಲು ಹೊಡೆದ್ರೆ ಅವನನ್ನ ಬಿಡ್ತಾರಾ ಚಾಚಾ?"

"ಬಿಡಲ್ಲ." ಲೆಕ್ಕ ಮುಗಿಸಿದವರ ಹಾಗೆ ಹೇಳಿದರು. "ಆ ನ್ಯಾಯಾಧೀಶ ಏನು ಕೊಡ್ತಾನೆ, ನನಗೆ ಗೊತ್ತಿಲ್ವಾ? ಎರಡು ವಾರ ಮುಂದಕ್ಕೆ ಹಾಕ್ತಾನೆ. ಆದ್ರೆ ನನ್ನ ಮಗನ ಹೆಸರು ಒಂದು ರಿಜಿಸ್ಟರಿಗೆ ಹತ್ತುತ್ತೆ. ಇಂಥವನೊಬ್ಬ ಇದ್ದ ಅಂತ ಎಲ್ಲೋ ಒಂದು ಕಡೆ ಬರೆದಿರುತ್ತೆ. ಹಾಜ್ರಾಗೆ ಅಷ್ಟಾದ್ರೂ ಕೊಡಬೇಕು."

ಗುಡ್ಡೋ ಬಂದು ಯಂತ್ರದ ಒಂದು ಗುಂಡಿಯ ಮೇಲೆ ಬೆರಳಿಡಲು ನೋಡಿದಳು. ನಾನು ಅವಳನ್ನು ಎತ್ತಿ ಒಳಕೋಣೆಯಲ್ಲಿ ಕೂರಿಸಿ ಬಂದೆ. ಅವಳ ಅಪ್ಪ ಬರಲು ಇನ್ನೂ ಎರಡು ಗಂಟೆಯಿತ್ತು.

ಚಾಚಾ ಜೇಬಿನಿಂದ ಚೀಟಿ ತೆಗೆದು, ನನ್ನ ಕಡೆ ನೋಡದೆ ಯಂತ್ರದ ಪಕ್ಕದಲ್ಲಿಟ್ಟರು. ಆಮೇಲೆ ಎದ್ದು ಹೋಗಿ ಬಾಗಿಲ ಕಡೆ ಮುಖ ಮಾಡಿ ನಿಂತರು.

"ನೀನು ಓದಿದವಳು, ಒಂದೇ ಬೆರಳಲ್ಲಿ ಹೊಡೆದ್ರೂ ಸಾಕು. ಆ ಒಂದು ಸಾಲು ನೀನು ಹೊಡೀ ಮಗಳೇ. ಹೊಡೆದಾದ ಮೇಲೆ ಮಡಚಿ ಕೊಡು, ನನಗೆ ಓದಿ ಹೇಳಬೇಡ."