ಅತ್ತೆ ಅಂದು ಯಾರ ಪರ ಕೈ ಎತ್ತಿದಳು

ಧಾರವಾಡದಲ್ಲಿ ಎಂ.ಎ. ಓದುವಾಗ ಪ್ರಬಂಧಕ್ಕೆಂದು ನಾನು ಆರಿಸಿಕೊಂಡ ವಿಷಯ ದೊಡ್ಡದಿತ್ತು: ಶಾಸಕರು ಎಷ್ಟು ಸಲ ತಮ್ಮ ಪಕ್ಷ ಹೇಳಿದಂತೆ ಮತ ಹಾಕುತ್ತಾರೆ? ವಿಧಾನಸಭೆಯ ನಡಾವಳಿ ತಿರುವಿದರೆ ಬಹುತೇಕ ಕಡೆ ಸಿಕ್ಕಿದ್ದು ಒಟ್ಟಾಗಿ ಕೂಗಿದ 'ಹೌದು' ಮಾತ್ರ. ಯಾರ್ಯಾರು ಕೂಗಿದರೆಂದು ಬರೆದಿರಲಿಲ್ಲ. "ನಿಮ್ಮ ತಾಲೂಕು ಪಂಚಾಯಿತಿಯಲ್ಲಿ ಕೈ ಎತ್ತುತ್ತಾರಲ್ಲ, ಅದನ್ನೇ ಎಣಿಸು" ಎಂದರು ಗುರುಗಳು. ಹಾಗಾಗಿ ಚಿಕ್ಕೋಡಿ-ರಾಯಬಾಗ ಕಡೆಯ ನಮ್ಮ ತಾಲೂಕಿನ ಸಭೆಗಳಲ್ಲಿ, ಹಿಂದಿನ ಬೆಂಚಿನ ಮೇಲೆ, ನೋಟ್‌ಬುಕ್ ಹಿಡಿದು ಕೂತೆ. ಸದಸ್ಯರಲ್ಲಿ ನನ್ನ ಅತ್ತೆಯೂ ಒಬ್ಬಳು, ಅಪ್ಪನ ಅಕ್ಕ.

ಎಣಿಕೆ ಸುಲಭವಿತ್ತು. ಅಧ್ಯಕ್ಷರ ಕೈ ಎದ್ದರೆ ಅವರ ಪಕ್ಷದ ಕೈಗಳೆಲ್ಲ ಏಳುತ್ತಿದ್ದವು, ಕೆಲವಂತೂ ವಿಷಯ ಓದುವ ಮೊದಲೇ. ಒಂದು ದಿನ ನಮ್ಮೂರ ದನದ ದವಾಖಾನೆಯನ್ನು ಬೇರೆ ಊರಿಗೆ ಒಯ್ಯುವ ಠರಾವು ಬಂತು. ತಂದದ್ದು ಅಧ್ಯಕ್ಷರ ಪಕ್ಷ, ಅತ್ತೆಯದೂ ಅದೇ. ಪಾಸಾಯಿತು. ಪರ ಇದ್ದವರ ಪಟ್ಟಿಯಲ್ಲಿ ಕಾರಕೂನರು ಅತ್ತೆಯ ಹೆಸರನ್ನೂ ಬರೆದರು.

ಮರುದಿನ ಹಾಲಿನ ಡೈರಿಯಲ್ಲಿ ಅತ್ತೆಯನ್ನು ಯಾರೂ ಮಾತಾಡಿಸಲಿಲ್ಲ. ಎಮ್ಮೆ ಕಟ್ಟಿದ ಮನೆಗಳೇ ಅವಳನ್ನು ಆರಿಸಿ ಕಳಿಸಿದ್ದವು. ಮನೆಗೆ ಬಂದವಳೇ ನನ್ನನ್ನು ಹಿಡಿದಳು.

"ಏ ತಮ್ಮಾ, ನೀ ಅಲ್ಲೇ ಇದ್ದಿ. ನಾ ಕೈ ಎತ್ತಿದ್ನೇನು?"

"ಎತ್ತಿದ್ಯಲ್ಲ ಅತ್ತಿ. ಬರಕೊಂಡೀನಿ."

"ಯವ್ವಾ! ಅದು ಸೆರಗ ಜಾರಿತ್ತಂತ ಎತ್ತಿದ್ದು. ಭಾವ ಎದರಿಗೆ ಕುಂತಿದ್ರು. ಬರೇ ತಲೀಲೆ ಕುಂದರಲೇನು?"

ಅವಳ ಗಂಡನ ಅಣ್ಣ ಅದೇ ಪಕ್ಷದ ಹಿರಿಯ ಸದಸ್ಯರು, ನಿಜ. ಅವರೆದುರು ಅತ್ತೆಯ ತಲೆ ಮೇಲಿನ ಸೆರಗು ಸರಿಯುವ ಹಾಗಿಲ್ಲ, ಅದೂ ನಿಜ. ನನ್ನ ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ ಒಂದು ಗುರುತು ಇತ್ತು, ಅಷ್ಟೆ. ಕೈ ಎಲ್ಲಿವರೆಗೆ ಹೋಗಿತ್ತು, ಹಣೆಯವರೆಗೋ, ಅದರ ಮೇಲಕ್ಕೋ? ಈಗ ಕಣ್ಣು ಮುಚ್ಚಿದರೆ ಜಾರುತ್ತಿರುವ ಹಸಿರು ಸೆರಗು ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಸಭೆಯಲ್ಲಿ ಕಂಡೆನೋ, ಅವಳು ಹೇಳಿದ ಮೇಲೆ ಕಾಣತೊಡಗಿದೆನೋ, ಖಾತ್ರಿಯಿಲ್ಲ.

ಹಿಂದಿನ ಸಭೆಯ ನಡಾವಳಿಯನ್ನು ಮುಂದಿನ ಸಭೆಯಲ್ಲಿ ಓದಿ ಖಾಯಂ ಮಾಡುವುದು ಪದ್ಧತಿ. ಆ ಹೊತ್ತಿನಲ್ಲಿ ಎಲ್ಲರೂ ಚಾ ಕುಡಿಯುತ್ತಿರುತ್ತಾರೆ. ಅತ್ತೆ ಎದ್ದು ನಿಂತಳು.

"ಪಟ್ಟ್ಯಾಗಿಂದ ನನ್ನ ಹೆಸರ ತಗೀರಿ. ದವಾಖಾನಿ ಒಯ್ಯಾಕ ನನ್ನ ವಿರೋಧ ಐತಿ."

ಅಧ್ಯಕ್ಷರು ಕಪ್ಪು ಕೆಳಗಿಟ್ಟರು. "ಅಕ್ಕಾರ, ಪಕ್ಷ ಬಿಟ್ರೇನು? ಮೆಂಬರಕಿ ಹೋದೀತು ನೋಡ್ರಿ."

"ಪಕ್ಷ ಬಿಟ್ಟಿಲ್ರಿ. ಎಮ್ಮಿ ಬಿಡಾಕ ಆಗೂದಿಲ್ಲ."

ಮೊದಲು ನಕ್ಕವರು ಅತ್ತೆಯ ಭಾವನವರೇ. ಅವರು ನಕ್ಕ ಮೇಲೆ ಅಧ್ಯಕ್ಷರೂ ನಗಬೇಕಾಯಿತು. ಕಾರಕೂನರು ವಿರೋಧ ಬರೆದುಕೊಂಡರು. ಠರಾವು ಮಾತ್ರ ಹಾಗೇ ಉಳಿಯಿತು.

ನನ್ನ ಪ್ರಬಂಧದಲ್ಲಿ ಪಕ್ಷದ ವಿರುದ್ಧ ಬಿದ್ದ ಒಂದೇ ಒಂದು ಮತ ಅದು. ಹಾಗೆ ಎಣಿಸಿದ್ದು ಸರಿಯೇ ಎಂದು ಇವತ್ತಿಗೂ ಅನುಮಾನ. ನಿಜವಾಗಿಯೇ ಎತ್ತಿದ್ದ ಕೈಯನ್ನು ಊರವರ ಮೌನ ಕೆಳಗಿಳಿಸಿತೇ? ಅತ್ತೆಯನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ವಿರೋಧ ಬರೆದ ನಡಾವಳಿ ಪುಟದ ಝೆರಾಕ್ಸ್ ಮಾಡಿಸಿ ಅವಳು ಹಾಲಿನ ಡೈರಿಗೆ ಒಯ್ದಳು. ಜೊತೆಗೆ ನಾನೂ ಇದ್ದೆ. ಸಾಲಿನಲ್ಲಿದ್ದ ಮುದುಕರೊಬ್ಬರು ಚಾಳೀಸಿನ ಕನ್ನಡಕ ಏರಿಸಿ, ಬೆರಳಿಟ್ಟು, ಪೂರ್ತಿ ಓದಿದರು.

"ಚಲೋ ಮಾಡಿದ್ರಿ ಅಕ್ಕಾರ," ಎಂದರು. "ಮತ್ತ, ಡಾಕ್ಟರ ಯಾವಾಗ ಬರ್ತಾರ?"

ಅತ್ತೆ ಹಾಲಿನ ಕ್ಯಾನು ನನ್ನ ಕೈಗಿತ್ತು, ದನದ ದವಾಖಾನೆಯ ದೊಡ್ಡ ಸಾಹೇಬರನ್ನು ಕಾಣಲು ಚಿಕ್ಕೋಡಿ ಬಸ್ಸಿನತ್ತ ನಡೆದಳು.