ಕೆಂಪು ಬಕೆಟ್ಟಿಗೆ ಬಿದ್ದ ಬಸ್ಸುಗಳು

ಗಡಿಯಾಚೆ ತಮಿಳು ಸೀಮೆಯಲ್ಲಿರುವ ಮೂಕಂಡಪಲ್ಲಿಯ ವಠಾರದಲ್ಲಿ ನನ್ನ ಮನೆಗೂ ರವಿಕುಮಾರನ ಮನೆಗೂ ನಡುವೆ ಒಂದೇ ಗೋಡೆ. ಮಂಡ್ಯದ ಕಡೆಯವನು. ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ಒಂದೇ ಕೆಲಸ: ಬಿಡಿಭಾಗ ಅಳೆಯುವುದು, ಅಳತೆ ತಪ್ಪಿದ್ದಕ್ಕೆ ಕೆಂಪು ಗುರುತು ಹಾಕಿ ಕೆಂಪು ತೊಟ್ಟಿಗೆ ಎಸೆಯುವುದು. ಒಳ್ಳೆಯವನೇ, ಆದರೆ ಆ ಕಣ್ಣನ್ನು ಗೇಟಿನಲ್ಲಿ ಬಿಟ್ಟು ಬರುವುದು ಅವನಿಗೆ ಗೊತ್ತಿಲ್ಲ. ನಾನು ಕೊಟ್ಟ ಒಬ್ಬಟ್ಟನ್ನೂ ತಿರುಗಿಸಿ ಅಂಚು ನೋಡುತ್ತಾನೆ, ಮಹರಾಯ!

ಬೇಸಿಗೆ ರಜೆಯಲ್ಲಿ ಗಂಡ ಹೆಂಡತಿ ಇಬ್ಬರೂ ಶಿಫ್ಟಿಗೆ ಹೋದರೆ ಒಂಬತ್ತು ವರ್ಷದ ಮಗಳು ಸಿಂಧು ನನ್ನ ಪಾಲು. ಇಡೀ ದಿನ ಮೊಬೈಲು. ಅದನ್ನು ಬಿಡಿಸಲೆಂದು ರವಿಯೇ ರಟ್ಟು, ಗೋಂದು, ಕತ್ತರಿ ತಂದುಕೊಟ್ಟ. "ಬಸ್ ಮಾಡ್ತೀನಿ ಅಜ್ಜಿ" ಎಂದು ಕೂತವಳು ಊಟಕ್ಕೆ ಕರೆದರೂ ಏಳಲಿಲ್ಲ. ಬಾಟಲಿ ಮುಚ್ಚಳದ ಚಕ್ರ, ಬಸ್ಸಿನ ಹಣೆಯ ಮೇಲೆ ತಮಿಳಿನಲ್ಲಿ ಊರಿನ ಹೆಸರು. ಮೊಬೈಲು ಎಲ್ಲಿದೆ ಎಂಬುದನ್ನೇ ಮರೆತಿದ್ದಳು.

ಸಂಜೆ ರವಿ ಬಂದ. ಹೆಗಲಿನ ಬ್ಯಾಗು ಇಳಿಸುವ ಮೊದಲೇ ಜೇಬಿನಿಂದ ಸ್ಟೀಲ್ ಸ್ಕೇಲು ತೆಗೆದ.

"ಎಡಗಡೆ ಎರಡು ಎಂಎಂ ತಗ್ಗು ಕಣಮ್ಮ."

ಕೆಂಪು ಮಾರ್ಕರಿನಿಂದ ಸುತ್ತು ಹಾಕಿ, ಮೂಲೆಯಲ್ಲಿದ್ದ ಹಳೆಯ ಕೆಂಪು ಬಕೆಟ್ಟಿಗೆ ಬಸ್ಸನ್ನು ಹಾಕಿದ. ತಮಾಷೆ ಎಂದುಕೊಂಡೆ. ಮರುದಿನ ಎರಡನೆಯದಕ್ಕೂ ಅದೇ, ಅದರ ಮರುದಿನ ಮೂರನೆಯದಕ್ಕೂ ಅದೇ. ನಾಲ್ಕನೆಯದನ್ನು ಸಿಂಧು ಅವನಿಗೆ ತೋರಿಸಲೇ ಇಲ್ಲ. ತಾನೇ ಕೆಂಪು ಸುತ್ತು ಹಾಕಿ, ತಾನೇ ಬಕೆಟ್ಟಿಗೆ ಹಾಕಿ, ಮೊಬೈಲು ಹಿಡಿದು ಗೋಡೆ ಕಡೆ ತಿರುಗಿ ಕೂತಳು. ಒಂದು ವಾರ ಕತ್ತರಿ ಮುಟ್ಟಲಿಲ್ಲ. ನಾನೇ ರವಿಯನ್ನು ಬಾಗಿಲಲ್ಲಿ ತಡೆದು ಕೇಳಿದೆ.

"ಏನಪ್ಪಾ ರವಿ, ಮಗು ಏನು ನಿನ್ ಕಂಪ್ನಿ ಮಾಲಾ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಹಂಗಾಯ್ತು ನೋಡು!"

"ತಪ್ಪು ತೋರಿಸ್ದೆ ಇದ್ರೆ ಕಲಿಯೋದು ಹೆಂಗೆ ಚಿಕ್ಕತಾಯಮ್ಮ? ನಂಗೂ ಹಂಗೇ ಕಲಿಸಿದ್ದು."

"ಹಂಗಾದ್ರೆ ನೀನೊಂದು ಮಾಡಿ ತೋರ್ಸು, ನೋಡಾನ."

ಭಾನುವಾರ ಅವನು ರಟ್ಟು ಹರಡಿಕೊಂಡು ಕೂತ. ಅಳೆಯಲು ಬಂದರೆ ಸಾಕೆ, ಮಾಡಲು ಬರಬೇಡವೇ! ಗೋಂದು ಬೆರಳಿಗೆ ಅಂಟಿತೇ ಹೊರತು ರಟ್ಟಿಗಲ್ಲ. ಮಧ್ಯಾಹ್ನದ ಹೊತ್ತಿಗೆ ಸೊಟ್ಟ ಬಸ್ಸೊಂದು ಎದ್ದು ನಿಂತಿತು. ಹೆಂಡತಿ ನಂದಿತಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವನು ಸ್ಕೇಲು ಇಟ್ಟು ನೋಡಿದ, ಮುಖ ಸಣ್ಣದಾಯಿತು. ತನ್ನದಕ್ಕೂ ಕೆಂಪು ಸುತ್ತು ಹಾಕಿ ಬಕೆಟ್ಟಿನತ್ತ ಹೊರಟ.

ಸಿಂಧು ಮೊಬೈಲು ಕೆಳಗಿಟ್ಟಳು. ಅವನ ಕೈಯಿಂದ ಬಸ್ಸು ಕಿತ್ತುಕೊಂಡು, ನೆಲದ ಮೇಲಿಟ್ಟು ತಳ್ಳಿದಳು. ಅದು ವಾಲಾಡುತ್ತ ಬಾಗಿಲವರೆಗೂ ಹೋಯಿತು.

"ಓಡ್ತದಲ್ಲಪ್ಪ, ಯಾಕೆ ಬಿಸಾಕ್ತೀಯಾ?"

ರವಿ ಬಕೆಟ್ಟನ್ನೇ ಎತ್ತಿಕೊಂಡು ಬಂದ. ಅವಳ ನಾಲ್ಕೂ ಬಸ್ಸುಗಳನ್ನು ಒಂದೊಂದಾಗಿ ನೆಲಕ್ಕಿಟ್ಟು ತಳ್ಳಿದ. ನಾಲ್ಕೂ ಓಡಿದವು, ಅವನದಕ್ಕಿಂತ ನೆಟ್ಟಗೆ.

"ಒಂದ್ಸಲಾನೂ ನಾನು ತಳ್ಳಿ ನೋಡ್ಲಿಲ್ಲ ಕಣಮ್ಮ" ಎಂದ.

ಸಿಂಧು ಆಗಲೇ ಕತ್ತರಿ ಹುಡುಕುತ್ತಿದ್ದಳು.